ಬಂಗಾರದ ನೆರೆಯ ಕಲ್ಲು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಯುಗಾದಿ ಕಳೆದ ಮೇಲೆ ಕೆಲವು ಬಿರುಕುಗಳೊಳಗೆ ಮೊಣಕೈವರೆಗೆ ಕೈ ಇಳಿಸಬಹುದು. ಮೇಲಿನ ಹುಡಿಮಣ್ಣು, ಒಣಗಿದ ತೊಗರಿ ಎಲೆ, ಕಟ್ಟಿಗೆಯ ಚೂರು ಎಲ್ಲವೂ ಆ ಸಂದಿಗೆ ಜಾರುತ್ತವೆ. ಮಿರಗದ ಮಳೆ ಬಿದ್ದಾಗ ನೆಲ ಉಬ್ಬುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ, ಒಳಗೆ ಬಿದ್ದದ್ದು ಒಳಗೇ ಉಳಿಯುತ್ತದೆ. ಕೆಳಗಿನ ಮಣ್ಣು ನಿಧಾನವಾಗಿ ಮೇಲೇರುತ್ತದೆ. ನೇಗಿಲು ಮುಟ್ಟದ ಆಳದಲ್ಲೂ ಈ ಭೂಮಿ ತನ್ನನ್ನು ತಾನು ಉತ್ತುಕೊಳ್ಳುತ್ತಲೇ ಇರುತ್ತದೆ. ಇದರ ಮೇಲೆ ಮನೆ ಕಟ್ಟಿದವರಿಗೆ ಗೋಡೆಯ ಬಿರುಕಿನಲ್ಲಿ ಇದರ ಪರಿಚಯವಾಗುತ್ತದೆ; ಹಿಂಗಾರಿ ಜೋಳ ಬಿತ್ತಿದವರಿಗೆ, ಮಳೆ ನಿಂತು ತಿಂಗಳಾದರೂ ಬೇರಿನ ಬುಡದಲ್ಲಿ ಉಳಿದ ತೇವದಲ್ಲಿ ಪರಿಚಯವಾಗುತ್ತದೆ.

ಈ ಗುಣವೆಲ್ಲ ಒಂದು ಖನಿಜದ್ದು. ಅದಕ್ಕೆ ಸ್ಮೆಕ್ಟೈಟ್ ಎನ್ನುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಪದರಗಳ ಜೇಡಿ ಅದು. ಪದರಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ. ಆದರೆ ಅದು ಮೊದಲಿನಿಂದ ಜೇಡಿಯಾಗಿ ಇರಲಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮದಿಂದ ಹರಿದು ಬಂದ ಲಾವಾ ಆರಿ ಬಸಾಲ್ಟ್ ಆಯಿತು. ನಾವು ಕರಿಕಲ್ಲು ಎಂದು ಕರೆದು ಮನೆಯ ಬುನಾದಿಗೆ ಹಾಕುವ ಆ ಕಲ್ಲಿನಲ್ಲಿ ಮುಖ್ಯವಾಗಿ ಫೆಲ್ಡ್‌ಸ್ಪಾರ್ ಮತ್ತು ಪೈರಾಕ್ಸೀನ್ ಎಂಬ ಎರಡು ಖನಿಜಗಳು, ಜೊತೆಗೆ ಹರಳಾಗಲು ಸಮಯ ಸಿಗದೆ ಗಾಜಿನಂತೆಯೇ ಉಳಿದ ಭಾಗ ಇರುತ್ತದೆ. ಸಾವಿರ ಡಿಗ್ರಿಗೂ ಮೀರಿದ ಬಿಸಿಯಲ್ಲಿ ಹುಟ್ಟಿದವು ಇವು. ಭೂಮಿಯ ಮೇಲಿನ ತಂಪು, ಮಳೆ, ಗಾಳಿ ಇವುಗಳ ಪಾಲಿಗೆ ಪರಸ್ಥಳ. ಮಳೆನೀರು ಗಾಳಿಯಿಂದಲೂ ಬೇರುಗಳ ಉಸಿರಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ಸೌಮ್ಯವಾದ ಹುಳಿಯಾಗುತ್ತದೆ. ಆ ಹುಳಿನೀರು ಕಲ್ಲಿನ ಸಂದಿಗೆ ಇಳಿದು ಮೊದಲು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಬಿಡಿಸಿ ಒಯ್ಯುತ್ತದೆ. ಉಳಿದ ಸಿಲಿಕಾ, ಅಲ್ಯೂಮಿನಿಯಂ, ಒಂದಿಷ್ಟು ಕಬ್ಬಿಣ ಹೊಸ ಜೋಡಣೆಯಲ್ಲಿ ಕೂತು ಜೇಡಿಯಾಗುತ್ತವೆ.

ಯಾವ ಖನಿಜ ಮೊದಲು ಸೋಲುತ್ತದೆ, ಯಾವುದು ಕೊನೆಯವರೆಗೆ ನಿಲ್ಲುತ್ತದೆ ಎಂಬುದಕ್ಕೂ ಒಂದು ಕ್ರಮವಿದೆ. 1938ರಲ್ಲಿ ಅಮೆರಿಕದ ಭೂವಿಜ್ಞಾನಿ ಗೋಲ್ಡಿಚ್ ಅದನ್ನು ಬರೆದಿಟ್ಟರು. ಹೆಚ್ಚು ಬಿಸಿಯಲ್ಲಿ, ಮೊದಲು ಹರಳುಗಟ್ಟಿದ ಖನಿಜ ಮಳೆಗೆ ಮೊದಲು ಕರಗುತ್ತದೆ; ತಡವಾಗಿ, ಕಡಿಮೆ ಬಿಸಿಯಲ್ಲಿ ಹರಳುಗಟ್ಟಿದ ಬೆಣಚುಕಲ್ಲು ಎಲ್ಲರಿಗಿಂತ ಕೊನೆಯವರೆಗೆ ಉಳಿಯುತ್ತದೆ. ನಮ್ಮ ಬಸಾಲ್ಟಿನಲ್ಲಿ ಇರುವುದೆಲ್ಲ ಬೇಗ ಸೋಲುವ ಖನಿಜಗಳೇ. ಅದಕ್ಕೇ ಇಲ್ಲಿ ಮರಳು ಕಡಿಮೆ, ಜೇಡಿ ಹೆಚ್ಚು. ಈ ಸೋಲಿನಿಂದ ತೊಗರಿ ಬದುಕಿದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಬೇಳೆಯ ರುಚಿಗೆ ಕ್ಯಾಲ್ಸಿಯಂ, ಪೊಟ್ಯಾಷ್ ತುಂಬಿದ ಈ ಮಣ್ಣೇ ಕಾರಣವೆಂದು ಬೆಳೆಗಾರರು ಹೇಳುವಾಗ ನನಗೆ ಆ ಕರಗಿದ ಫೆಲ್ಡ್‌ಸ್ಪಾರ್ ನೆನಪಾಗುತ್ತದೆ.

ಕಲ್ಲು ಬಿಟ್ಟ ಕ್ಯಾಲ್ಸಿಯಂ ದೂರ ಹೋಗುವುದಿಲ್ಲ. ನಮ್ಮಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಕೆಳಗೆ ಇಳಿದ ನೀರು ಪೂರ್ತಿ ಹರಿದುಹೋಗುವ ಮೊದಲೇ ಆರುತ್ತದೆ, ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಮಣ್ಣಿನಲ್ಲೇ ಕೂರುತ್ತದೆ. ಬಾವಿ ತೋಡುವಾಗ ಎರೆಯ ಕೆಳಗೆ ಸಿಗುವ ಬೂದುಬಿಳಿ ಗಂಟುಗಳು ಅವೇ. ಇದೇ ಬಸಾಲ್ಟು ಬೀದರಿನ ದಿಬ್ಬದ ಮೇಲೆ ಬೇರೆ ದಾರಿ ಹಿಡಿಯಿತು. ಅಲ್ಲಿ ಹಿಂದಿನ ಯಾವುದೋ ಹೆಚ್ಚು ಮಳೆಯ ಕಾಲದಲ್ಲಿ ನೀರು ನಿಲ್ಲದೆ ಇಳಿದುಹೋಯಿತು, ಸಿಲಿಕಾ ಕೂಡ ತೊಳೆದುಹೋಯಿತು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದು ಕೆಂಪು ಜಂಬಿಟ್ಟಿಗೆಯಾಯಿತು. ಬೀದರ ಕೋಟೆಯ ಕಂದಕ ಕಡಿದದ್ದು ಆ ಕಲ್ಲಿನಲ್ಲಿ. ನೌಬಾದಿನ ಸುರಂಗಬಾವಿಯ ನೀರು ಒಸರುವುದು ಆ ಕೆಂಪುಕಲ್ಲು ಮತ್ತು ಕೆಳಗಿನ ಬಸಾಲ್ಟು ಸೇರುವ ಗಡಿಯಲ್ಲಿ. ತಾಯಿಕಲ್ಲು ಒಂದೇ. ಒಂದು ಕಡೆ ಕರಿ ಎರೆ, ಇನ್ನೊಂದು ಕಡೆ ಕೆಂಪು ಜಂಬಿಟ್ಟಿಗೆ. ಎಷ್ಟು ಮಳೆ ಬಂತು, ನೀರು ನಿಂತಿತೇ ಹರಿಯಿತೇ ಎಂಬುದೇ ಈ ವ್ಯತ್ಯಾಸ ಮಾಡಿತು.

ಈ ಬಸಾಲ್ಟು ಎಷ್ಟು ದಪ್ಪ ಎಂಬುದು ಒಂದು ಭೂಕಂಪದ ನಂತರ ತಿಳಿಯಿತು. ಆಳಂದದಿಂದ ಮಹಾರಾಷ್ಟ್ರದ ಗಡಿ ದಾಟಿದರೆ ಕಿಲ್ಲಾರಿ ಹತ್ತಿರವೇ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪವನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ಮರೆತಿಲ್ಲ. ಅದರ ನಂತರ ವಿಜ್ಞಾನಿಗಳು ಕಿಲ್ಲಾರಿಯಲ್ಲಿ 617 ಮೀಟರ್ ಆಳಕ್ಕೆ ಕೊಳವೆ ಇಳಿಸಿದರು. ಮೊದಲ 338 ಮೀಟರ್ ಬಸಾಲ್ಟ್. ಅದರ ಕೆಳಗೆ ಸುಮಾರು 8 ಮೀಟರ್ ಹಳೆಯ ಕೆಸರು, ಮರಳಿನ ಪದರ. ಆಮೇಲೆ ಕೋಟಿ ಕೋಟಿ ವರ್ಷಗಳ ಹಳೆಯ ತಳಶಿಲೆ. ಆ 8 ಮೀಟರು ನನ್ನನ್ನು ಬಹಳ ಕಾಡುತ್ತದೆ. ಲಾವಾ ಬರುವ ಮೊದಲೂ ಇಲ್ಲಿ ಒಂದು ನೆಲವಿತ್ತು, ಅಲ್ಲೂ ಕಲ್ಲು ಕೊಳೆಯುತ್ತಿತ್ತು, ಅಲ್ಲೂ ಮಳೆ ಮಣ್ಣನ್ನು ತಗ್ಗಿಗೆ ಒಯ್ಯುತ್ತಿತ್ತು. ಅದರ ಮೇಲೆ ಬೆಂಕಿ ಹರಿದು ಎಲ್ಲ ಮುಚ್ಚಿತು. ಮುಚ್ಚಿದ್ದೇ ಮತ್ತೆ ಕೊಳೆಯಲು ಶುರುವಾಗಿ ನಮಗೆ ಹೊಲವಾಯಿತು.

ಜೇವರ್ಗಿ ಕಡೆ ಭೀಮೆ ದಾಟುತ್ತ ದಕ್ಷಿಣಕ್ಕೆ ಸಾಗಿದರೆ ಲಾವಾದ ಹೊದಿಕೆ ತೆಳುವಾಗುತ್ತದೆ. ಅದರಡಿಯಿಂದ ಸುಣ್ಣಕಲ್ಲು ಮುಖ ತೋರುತ್ತದೆ. ಶಹಾಬಾದ ಪರ್ಸಿ ಎಂದು ನಾಡಿನ ಅಡುಗೆಮನೆ, ಪಡಸಾಲೆಗಳಲ್ಲೆಲ್ಲ ಹಾಸಿರುವ ಕಲ್ಲು ಈ ಗುಂಪಿನದೇ. ಚಿಪ್ಪಿನ ಪ್ರಾಣಿಗಳು ಇನ್ನೂ ಹುಟ್ಟದ ಕಾಲದ ಸಮುದ್ರದ ತಳ ಅದು. ಇನ್ನೂ ದಕ್ಷಿಣಕ್ಕೆ, ಯಡ್ರಾಮಿ, ಕಡಕೋಳದ ಸೀಮೆ ದಾಟಿ ಸುರಪುರ ತಾಲ್ಲೂಕಿಗೆ ಕಾಲಿಟ್ಟರೆ ಸುಣ್ಣಕಲ್ಲೂ ಮುಗಿದು ಗ್ರಾನೈಟು, ಅದರ ನಡುವೆ ಕಡುಹಸಿರು ಛಾಯೆಯ ಹಳೆಯ ಶಿಲೆಗಳ ಪಟ್ಟಿಗಳು ಬರುತ್ತವೆ. ಈ ಪಟ್ಟಿಗಳಲ್ಲಿ ಒಂದು ಮಂಗಳೂರು ಪಟ್ಟಿ. ಕರಾವಳಿಯ ಮಂಗಳೂರು ಅಲ್ಲ, ಕೆಂಭಾವಿ ಬಳಿಯ ಸಣ್ಣ ಊರು. ಕೃಷ್ಣೆಯಾಚೆ, ಲಿಂಗಸುಗೂರು ಕಡೆ ಹಟ್ಟಿ–ಮಸ್ಕಿ ಪಟ್ಟಿ. ಬಂಗಾರ ಇರುವುದು ಇವುಗಳಲ್ಲಿ.

ಈ ಹಸಿರು ಶಿಲೆಯೂ ಮೂಲದಲ್ಲಿ ಬಸಾಲ್ಟೇ. ನಮ್ಮ ಕರಿಕಲ್ಲಿಗಿಂತ ಸುಮಾರು ನಲವತ್ತು ಪಟ್ಟು ಹಳೆಯದು. ಭೂಮಿಯ ಒಳಗೆ ಹೂತು, ಬಿಸಿಗೆ ಒತ್ತಡಕ್ಕೆ ಸಿಕ್ಕು ಖನಿಜ ಬದಲಾಗಿ ಆಂಫಿಬೊಲೈಟ್ ಆಗಿದೆ. ಅದು ಸೀಳಿದ ಜಾಗಗಳಲ್ಲಿ ಆಳದಿಂದ ಬಿಸಿನೀರು ಏರಿ ಬಂದು ಬೆಣಚುಕಲ್ಲನ್ನೂ, ಗಂಧಕ ಹೊತ್ತ ಕಬ್ಬಿಣದ ಖನಿಜಗಳನ್ನೂ, ಅವುಗಳ ಜೊತೆ ಕೊಂಚ ಬಂಗಾರವನ್ನೂ ಇಳಿಸಿ ಹೋಯಿತು. ಸೀಳಿನ ಎರಡೂ ಬದಿಯ ಕಲ್ಲು ಆ ನೀರಿನಲ್ಲಿ ನೆನೆದು ಕಪ್ಪು ಕಾಗೆಬಂಗಾರವಾಗಿ, ಅಂದರೆ ಬಯೊಟೈಟ್ ಅಭ್ರಕವಾಗಿ ಮಾರ್ಪಟ್ಟಿತು. ಇಂದು ಹಟ್ಟಿಯ ಗಣಿಯಲ್ಲಿ ಒಂದು ಟನ್ ಅದಿರು ಎತ್ತಿದರೆ ಸಿಗುವ ಬಂಗಾರ ಕೆಲವೇ ಗ್ರಾಂ. ಉಳಿದದ್ದೆಲ್ಲ ನೆರೆಹೊರೆ.

ಆ ನೆರೆಹೊರೆಗೆ ಮಳೆನೀರು ತಗಲಿದಾಗ ಏನಾಗುತ್ತದೆ ಎಂಬುದನ್ನು ನಾವು ಕಡಿಮೆ ಯೋಚಿಸುತ್ತೇವೆ. ಬಂಗಾರದ ಮಾತು ಬಂದರೆ ಕಣ್ಣು ಬಂಗಾರದ ಮೇಲೆಯೇ ಇರುತ್ತದೆ. ಹಟ್ಟಿಯ ಸೀಳಿನಲ್ಲಿರುವ ಗಂಧಕದ ಖನಿಜಗಳಾದ ಪೈರೈಟ್, ಪಿರೊಟೈಟ್, ಆರ್ಸೆನೊಪೈರೈಟ್‌ಗಳು ಆಳದ ಕತ್ತಲಲ್ಲಿ, ಗಾಳಿ ಇಲ್ಲದಲ್ಲಿ ಕೋಟ್ಯಂತರ ವರ್ಷ ಹೊಳೆಯುತ್ತ ಇರಬಲ್ಲವು. ಮೇಲಿನ ಕಲ್ಲು ಸವೆದು ಅವು ನೆಲದ ಹತ್ತಿರ ಬಂದಾಗ ಗಾಳಿಯೂ ನೀರೂ ಒಟ್ಟಿಗೆ ತಾಗುತ್ತವೆ. ಪೈರೈಟಿನ ಗಂಧಕ ಗಂಧಕಾಮ್ಲವಾಗುತ್ತದೆ, ಕಬ್ಬಿಣ ತುಕ್ಕಾಗುತ್ತದೆ. ಕಬ್ಬಿಣವನ್ನೂ ಗಂಧಕವನ್ನೂ ಉಂಡು ಬದುಕುವ ಬ್ಯಾಕ್ಟೀರಿಯಾ ಈ ಕೆಲಸವನ್ನು ಅನೇಕ ಪಟ್ಟು ಚುರುಕುಗೊಳಿಸುತ್ತದೆ. ಬಸಾಲ್ಟಿನ ಹೊಲದಲ್ಲಿ ಮಳೆಯ ಸೌಮ್ಯ ಹುಳಿ ಮಾಡುವ ಕೆಲಸವನ್ನು ಇಲ್ಲಿ ಕಲ್ಲಿನೊಳಗೇ ಹುಟ್ಟಿದ ಉಗ್ರ ಆಮ್ಲ ಮಾಡುತ್ತದೆ.

ಆಮ್ಲಕ್ಕೆ ಮೊದಲು ಬಲಿಯಾಗುವುದು ಸೀಳಿನಲ್ಲಿರುವ ಸುಣ್ಣದ ಖನಿಜ ಕ್ಯಾಲ್ಸೈಟ್. ಅದು ಕರಗುತ್ತ ಆಮ್ಲದ ಕಾವನ್ನು ತಣಿಸುತ್ತದೆ. ಆಮೇಲೆ ಆಂಫಿಬೊಲೈಟಿನ ಮುಖ್ಯ ಖನಿಜವಾದ ಆಂಫಿಬೋಲ್ ಒಡೆದು ಜೇಡಿಯೂ ತುಕ್ಕೂ ಆಗುತ್ತದೆ. ಬಯೊಟೈಟ್ ತನ್ನ ಪದರಗಳ ನಡುವಿನ ಪೊಟ್ಯಾಷಿಯಂ ಬಿಟ್ಟುಕೊಟ್ಟು ವರ್ಮಿಕ್ಯುಲೈಟ್ ಆಗುತ್ತದೆ, ಅದೂ ಸೋತು ಕೊನೆಗೆ ಬಿಳಿ ಕೆಯೊಲಿನ್ ಜೇಡಿಯಾಗುತ್ತದೆ. ಫೆಲ್ಡ್‌ಸ್ಪಾರ್ ಕೂಡ ಅಲ್ಲಿಗೇ ಬಂದು ಸೇರುತ್ತದೆ. ಪೈರೈಟ್ ಇದ್ದ ಕಡೆ ಚೌಕಾಕಾರದ ಖಾಲಿ ಗೂಡು ಉಳಿಯುತ್ತದೆ, ಅದರ ಗೋಡೆಗೆ ಕಂದು ತುಕ್ಕು ಅಂಟಿರುತ್ತದೆ. ಆ ತುಕ್ಕಿನ ಮುಖ್ಯ ಖನಿಜ ಗೋಥೈಟ್. ಗಣಿಗಳ ಆಡಳಿತವನ್ನೂ ನೋಡಿಕೊಂಡಿದ್ದ ಜರ್ಮನಿಯ ಕವಿ ಗಯಟೆಯ ಹೆಸರು ಹೊತ್ತದ್ದು. ಹಳೆಯ ಕಾಲದಲ್ಲಿ ಬಂಗಾರ ಹುಡುಕುವವರು ಗುಡ್ಡದ ನೆತ್ತಿಯಲ್ಲಿ ಗೂಡುಗೂಡಾದ ಕಂದುಕಲ್ಲು, ಅದರೊಳಗೆ ತುಕ್ಕು ಹಿಡಿದ ಬೆಣಚುಕಲ್ಲು ಕಂಡರೆ ನಿಲ್ಲುತ್ತಿದ್ದರು. ಒಳಗೆ ಏನು ಕೊಳೆತಿದೆ ಎಂಬುದನ್ನು ಆ ತುಕ್ಕು ಅವರಿಗೆ ಹೇಳುತ್ತಿತ್ತು.

ಇಷ್ಟೆಲ್ಲ ಬದಲಾವಣೆಯ ನಡುವೆ ಬಂಗಾರ ಬಹುತೇಕ ಹಾಗೇ ಉಳಿಯುತ್ತದೆ. ಪೈರೈಟಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಕಣ ಈಗ ಬಿಡುಗಡೆಯಾಗಿ ತುಕ್ಕಿನ ಮಣ್ಣಿನಲ್ಲಿ ಸಡಿಲವಾಗಿ ಬಿದ್ದಿರುತ್ತದೆ. ಹಿಂದಿನವರಿಗೆ ಬಂಗಾರ ಸಿಕ್ಕದ್ದು ಈ ಕಾರಣಕ್ಕೆ. ಬಂಗಾರವನ್ನು ಕರಗಿಸಿ ತೆಗೆಯುವ ಸಯನೈಡ್ ಇಲ್ಲದ ಕಾಲದಲ್ಲಿ ಕೊಳೆತ ಕಲ್ಲೇ ಅವರಿಗೆ ಅರ್ಧ ಕೆಲಸ ಮಾಡಿಕೊಟ್ಟಿತ್ತು. ಅವರು ಅದಿರನ್ನು ಬಂಡೆಯ ಕುಳಿಗಳಲ್ಲಿ ಅರೆದರು, ನೀರಿನಲ್ಲಿ ತೊಳೆದರು. ತೊಗರಿಯನ್ನು ಮೊರದಲ್ಲಿ ಕೇರಿದರೆ ಹೊಟ್ಟು ಹಾರಿ ಕಾಳು ಉಳಿಯುವ ಹಾಗೆ, ಹಗುರವಾದ ಜೇಡಿಯೂ ಮರಳೂ ನೀರಿನ ಜೊತೆ ಹೋಗಿ, ನೀರಿಗಿಂತ 19 ಪಟ್ಟು ಭಾರದ ಬಂಗಾರ ತಳದಲ್ಲಿ ನಿಲ್ಲುತ್ತಿತ್ತು. ಧಾರವಾಡ ಸೀಮೆಯ ಸೊರಟೂರು, ಡೋಣಿ ಹಳ್ಳಗಳಲ್ಲಿ 19ನೆಯ ಶತಮಾನದವರೆಗೂ ಜಲಗಾರರು ಈ ಕೆಲಸ ಮಾಡುತ್ತಿದ್ದುದನ್ನು ನ್ಯೂಬೋಲ್ಡ್, ರಾಬರ್ಟ್ ಬ್ರೂಸ್ ಫುಟ್ ಮುಂತಾದವರು ಬರೆದಿದ್ದಾರೆ. ಹಟ್ಟಿಯ ಪ್ರಾಚೀನರು ಕೊಳೆತ ಕಲ್ಲಿಗೆ ತೃಪ್ತರಾಗದೆ ಗಟ್ಟಿ ಬಂಡೆಯನ್ನೂ ಕಡಿದು 600 ಅಡಿಗೂ ಆಳಕ್ಕೆ ಇಳಿದಿದ್ದರು. ಅಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ. ಮಸ್ಕಿಯಲ್ಲಿ ಅಶೋಕನ ಹೆಸರು ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಬೀಡನ್ ಎಂಬ ಬಂಗಾರದ ಗಣಿ ಎಂಜಿನಿಯರ್ ಮೂಲಕ ಎಂಬುದನ್ನು ಇಲ್ಲಿ ನೆನೆಯಬೇಕು. ಹಲವು ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಇತಿಹಾಸಕ್ಕೆ ಖಚಿತವಾದದ್ದು ಬಂಗಾರ ಹುಡುಕುತ್ತ ಹೋದವನ ಕಣ್ಣಿಗೆ ಬಿದ್ದ ಒಂದು ಬಂಡೆಯಿಂದ.

ಬಂಗಾರ ಬದಲಾಗುವುದೇ ಇಲ್ಲ ಎಂದರೆ ಅದು ಪೂರ್ತಿ ನಿಜವಾಗುವುದಿಲ್ಲ. ಕಲ್ಲಿನ ಬಂಗಾರದಲ್ಲಿ ಬೆಳ್ಳಿ ಬೆರೆತಿರುತ್ತದೆ. ಮಣ್ಣಿನಲ್ಲಿ ದೀರ್ಘಕಾಲ ಬಿದ್ದ ಕಣದ ಹೊರಮೈಯಿಂದ ಬೆಳ್ಳಿ ಕರಗಿಹೋಗಿ ಅಂಚು ಹೆಚ್ಚು ಶುದ್ಧವಾಗುತ್ತದೆ. ಬಂಗಾರವೂ ಅಣುವಿನಷ್ಟು ಕರಗಿ ಬೇರೆಡೆ ಮತ್ತೆ ಹರಳಾಗುತ್ತದೆ. 2006ರಲ್ಲಿ ಫ್ರಾಂಕ್ ರೀತ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಬಂಗಾರದ ಕಣಗಳ ಮೇಲೆ ಬ್ಯಾಕ್ಟೀರಿಯಾದ ತೆಳುಪೊರೆ ಇರುವುದನ್ನು ತೋರಿಸಿದರು. ಕರಗಿದ ಬಂಗಾರ ಜೀವಿಗಳಿಗೆ ವಿಷ. ಆ ಬ್ಯಾಕ್ಟೀರಿಯಾ ತನ್ನನ್ನು ಕಾಪಾಡಿಕೊಳ್ಳಲು ಅದನ್ನು ಮತ್ತೆ ಲೋಹವಾಗಿಸಿ ಹೊರಗಿಡುತ್ತದೆ. ಆ ದೇಶದಲ್ಲಿ ಹುತ್ತದ ಮಣ್ಣಿನಲ್ಲೂ, ಎರೆಯ ಕೆಳಗಿನಂಥ ಸುಣ್ಣದ ಹರಳಿನಲ್ಲೂ ಬಂಗಾರದ ಸುಳಿವು ಹುಡುಕಿ ಗಣಿಗಳನ್ನು ಪತ್ತೆ ಮಾಡುತ್ತಾರೆ. ಇರುವೆಗಳು ತಂದ ಬಂಗಾರದ ಮಾತು ಮಹಾಭಾರತದ ಸಭಾಪರ್ವದಲ್ಲಿಯೇ ಇದೆ. ಇದೆಲ್ಲ ಓದುವಾಗ ಸಂತೋಷವಾಗುತ್ತದೆ. ಆದರೂ ಬಂಗಾರದ ಈ ಸಣ್ಣ ಸಂಚಾರದಿಂದ ನಮ್ಮ ಯಾರ ಬದುಕೂ ಮೇಲೆ ಕೆಳಗೆ ಆಗುವುದಿಲ್ಲ. ಬದುಕನ್ನು ಮುಟ್ಟುವುದು ಅದರ ನೆರೆಯಲ್ಲಿದ್ದ ಇನ್ನೊಂದು ಖನಿಜದ ಸಂಚಾರ.

ಆರ್ಸೆನೊಪೈರೈಟ್. ಕಬ್ಬಿಣ, ಗಂಧಕ, ಆರ್ಸೆನಿಕ್ ಕೂಡಿದ ಬೆಳ್ಳಿಬಣ್ಣದ ಖನಿಜ. ಬಂಗಾರ ಇದರ ಜೊತೆ ಇರುವುದನ್ನು ಎಷ್ಟು ಇಷ್ಟಪಡುತ್ತದೆಂದರೆ, ಮಣ್ಣಿನಲ್ಲಿ ಆರ್ಸೆನಿಕ್ ಹೆಚ್ಚಿದ್ದರೆ ಹತ್ತಿರ ಬಂಗಾರ ಇರಬಹುದೆಂದು ಭೂವಿಜ್ಞಾನಿಗಳು ಊಹಿಸುತ್ತಾರೆ. ಇದು ಕೊಳೆತಾಗ ಆ ಆರ್ಸೆನಿಕ್, ಅಂದರೆ ಪಾಷಾಣ, ಹೊರಬರುತ್ತದೆ. ಹೊರಬಂದದ್ದನ್ನು ಮೊದಲಿಗೆ ಗೋಥೈಟ್ ತನ್ನ ಮೈಗೆ ಅಂಟಿಸಿಕೊಂಡು ಹಿಡಿದಿಡುತ್ತದೆ. ಆ ಕಂದು ತುಕ್ಕು ಸಾವಿರಾರು ವರ್ಷಗಳಿಂದ ನಮಗಾಗಿ ಕಾವಲು ನಿಂತಿದೆ. ಆದರೆ ಆ ಹಿಡಿತಕ್ಕೂ ಮಿತಿಯಿದೆ. ಸುಣ್ಣ ಕರಗಿ ನೀರು ಕ್ಷಾರವಾದಷ್ಟೂ ಹಿಡಿತ ಸಡಿಲವಾಗುತ್ತದೆ. ಗಾಳಿಯಿಲ್ಲದ ಆಳದಲ್ಲಿ ತುಕ್ಕೇ ಕರಗಿದರೆ ಅಂಟಿದ್ದ ಆರ್ಸೆನಿಕ್ಕೂ ಅದರ ಜೊತೆ ನೀರಿಗೆ ಇಳಿಯುತ್ತದೆ. ಮನುಷ್ಯ ಅದಿರನ್ನು ಹುಡಿಯಾಗಿ ಪುಡಿಮಾಡಿ ಬಯಲಿಗೆ ಸುರಿದರೆ, ನೆಲದೊಳಗೆ ಯುಗಯುಗ ಹಿಡಿಯುತ್ತಿದ್ದ ಕೆಲಸ ಕೆಲವೇ ಮಳೆಗಾಲಗಳಲ್ಲಿ ನಡೆದುಹೋಗುತ್ತದೆ.

ಮಂಗಳೂರು ಪಟ್ಟಿಯ ಮೇಲೆ, ಹಿಂದೆ ಬಂಗಾರದ ಗಣಿ ನಡೆದ ಜಾಗಕ್ಕೆ ಹತ್ತಿರ, ಕಿರದಳ್ಳಿ ತಾಂಡಾ ಇದೆ. ಲಂಬಾಣಿಗರ ಊರು. ಅಲ್ಲಿನ ಜನರ ಅಂಗೈ, ಅಂಗಾಲು ಗಡಸಾಗಿ ಗಂಟು ಕಟ್ಟಿದವು, ಮೈಮೇಲೆ ಕಪ್ಪು ಬಿಳಿ ಚುಕ್ಕೆಗಳು ಮೂಡಿದವು. ವಿಜ್ಞಾನಿ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಅಧ್ಯಯನ ಮಾಡಿ 2013ರಲ್ಲಿ ಅದನ್ನು ಪ್ರಕಟಿಸಿದರು. ಆ ಪ್ರದೇಶದ 59 ಕೊಳವೆಬಾವಿಗಳ ನೀರು ಪರೀಕ್ಷಿಸಿದಾಗ ನೂರಕ್ಕೆ 79ರಷ್ಟರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಎಂಬ ಮಿತಿಯನ್ನು ದಾಟಿತ್ತು. ಅತಿ ಹೆಚ್ಚೆಂದರೆ 303. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗೂ ಮೀರಿ ಆರ್ಸೆನಿಕ್ ಇತ್ತು, ಗಣಿಯ ಅರೆದ ತ್ಯಾಜ್ಯ ಇದಕ್ಕೆ ಕಾರಣವಿರಬಹುದೆಂದು ಅವರು ಶಂಕಿಸಿದರು. ತಪಾಸಣೆಗೆ ಬಂದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ 58.6ರಷ್ಟು ಮಂದಿಯ ಚರ್ಮದಲ್ಲಿ ಆರ್ಸೆನಿಕ್ಕಿನ ಗುರುತುಗಳಿದ್ದವು. ಕೂದಲು, ಉಗುರು ಕೊಟ್ಟ 171 ಜನರಲ್ಲಿ ಒಬ್ಬರೂ ಅದರಿಂದ ತಪ್ಪಿಸಿಕೊಂಡಿರಲಿಲ್ಲ.

ಈ ಅಂಕಿಗಳನ್ನು ಓದಿದ ಮೇಲೆ ನನಗೆ ಖನಿಜಗಳ ಈ ಕಥೆಯನ್ನು ಬರಿಯ ಬೆರಗಿನಿಂದ ಹೇಳಲು ಆಗುತ್ತಿಲ್ಲ. ಆ ತಾಂಡಾದ ತಾಯಂದಿರು ಕೊಡ ತುಂಬಿದ ನೀರು ತಿಳಿಯಾಗಿತ್ತು. ಆರ್ಸೆನಿಕ್ಕಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲಿನ ಕಂದು ಗೆರೆಯಾದರೂ ಬೇಗ ಕಾಣುತ್ತದೆ. ಆರ್ಸೆನಿಕ್ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಚರ್ಮದಲ್ಲಿ, ಕೆಲವರಲ್ಲಿ ಕ್ಯಾನ್ಸರ್ ಆಗಿ ಹೊರಬರುತ್ತದೆ. ಬಂಗಾರ ಎತ್ತಿದವರು ಬಂಗಾರ ಒಯ್ದರು. ಕೊಳೆಯಲು ಬಿಟ್ಟುಹೋದ ಕಲ್ಲು ಆ ಜನರ ಪಾಲಿಗೆ ಉಳಿಯಿತು. ಇದು ಅನ್ಯಾಯ. ಕಲ್ಲಿನ ಸ್ವಭಾವದ ಮೇಲೆ ಇದರ ತಪ್ಪು ಹೊರಿಸಲು ಬರುವುದಿಲ್ಲ. ಗಣಿ ನಿಂತಾಗ ತ್ಯಾಜ್ಯವನ್ನು ಮಳೆಯಿಂದ ಮರೆಮಾಡಿಯೇ ಬಾಗಿಲು ಹಾಕಬೇಕು, ಸುತ್ತಲಿನ ಬಾವಿಗಳನ್ನು ವರ್ಷವರ್ಷ ನೋಡುತ್ತಿರಬೇಕು; ಗಣಿಯ ಖರ್ಚಿನಲ್ಲಿ ಇದೂ ಒಂದು ಎಂದು ಮೊದಲೇ ಲೆಕ್ಕ ಹಿಡಿಯಬೇಕು.

ನಮ್ಮ ಮೂರು ತಾಲ್ಲೂಕುಗಳ ಎರೆಯ ಕೆಳಗಿನ ಬಸಾಲ್ಟಿನಲ್ಲಿ ಇಂಥ ಸೀಳುಗಳಿಲ್ಲ. ಅಲ್ಲಿ ಕಲ್ಲು ಕರಗಿದರೆ ತೊಗರಿ ಬರುತ್ತದೆ, ಜೋಳ ಬರುತ್ತದೆ. ಭೀಮೆಯಿಂದ ಕೃಷ್ಣೆಯವರೆಗಿನ ಸಣ್ಣ ಅಂತರದಲ್ಲಿ ಅದೇ ಮಳೆ, ಅದೇ ಬಿಸಿಲು ಒಂದು ಕಡೆ ಅನ್ನವನ್ನೂ ಇನ್ನೊಂದು ಕಡೆ ಪಾಷಾಣವನ್ನೂ ಬಿಡಿಸುತ್ತವೆ. ಮದುವೆ ಸಂಬಂಧ, ಜಾತ್ರೆ, ಕೂಲಿ, ಸಂತೆ ಎಲ್ಲವೂ ಈ ಎರಡು ನೆಲಗಳ ನಡುವೆ ಇವೆ. ಜೇವರ್ಗಿಯ ಮಗಳು ಸುರಪುರದ ಸೊಸೆಯಾಗುತ್ತಾಳೆ, ಅಲ್ಲಿಯ ನೀರೇ ಅವಳ ನೀರಾಗುತ್ತದೆ. ಆದ್ದರಿಂದ ಅದು ನಮ್ಮ ವಿಷಯ ಅಲ್ಲ ಎನ್ನುವ ಹಾಗಿಲ್ಲ.

ಸುರಪುರ, ಲಿಂಗಸುಗೂರು, ದೇವದುರ್ಗ, ಮಸ್ಕಿ ಕಡೆ ಹಳೆಯ ಗಣಿಗುಂಡಿ, ಕಂದು ಬೆಣಚುಕಲ್ಲಿನ ದಿಬ್ಬ, ಅರೆದ ಬೂದುಹುಡಿಯ ರಾಶಿ ಊರಿನ ಹತ್ತಿರ ಇದ್ದರೆ, ಅಲ್ಲಿನ ಪ್ರತಿ ಬೋರಿನ ನೀರನ್ನೂ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕಳಿಸಿ. ಕಳಿಸುವಾಗ ಗಡಸುತನ, ಫ್ಲೋರೈಡ್ ನೋಡಿದರೆ ಸಾಲದು, ಆರ್ಸೆನಿಕ್ ನೋಡಿ ಎಂದು ಬಾಯಿಬಿಟ್ಟು ಕೇಳಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿಸಿ. ಮಿತಿ ಮೀರಿದ ಬೋರಿಗೆ ಕೆಂಪು ಬಣ್ಣ ಬಳಿದು, ಕುಡಿಯಲು ಅಡುಗೆಗೆ ಬೇರೆ ನೀರು ತರಿಸುವವರೆಗೆ ಪಂಚಾಯ್ತಿಯನ್ನು ಬಿಡಬೇಡಿ. ನೀರನ್ನು ಎಷ್ಟು ಕುದಿಸಿದರೂ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.